ಎಪ್ಪತ್ತೆಂಟು ಸೇರು ಅರಳು

ಹನುಮಂತರಾಜುವಿನ ಮುರಿದ ಕಾಲು ಕೂಡಿತು. ತೊಂದರೆ ಶುರುವಾದದ್ದೇ ಅಲ್ಲಿಂದ. ಶನಿವಾರ ಬೆಳಗ್ಗೆ, ಹೊಳಲ್ಕೆರೆಯ ಮಗಳ ಮನೆಗೆ ಹೋಗಿದ್ದ ಅವನ ತಾಯಿ ಹನುಮಮ್ಮ ಹೊಸದುರ್ಗಕ್ಕೆ ಫೋನು ಮಾಡಿದಳು.

"ಲೇ ರಾಜಾ, ಕಾಲು ಕೂಡಿದ್ರೆ ನಿನ್ ತೂಕದ ಅರಳು ಕೊಡ್ತೀನಿ ಅಂತ ಅನುಮಪ್ಪಂಗೆ ಅರಕೆ ಒತ್ತಿದ್ದೆ. ಇವತ್ತೇ ತೀರಿಸು. ಸಂಜೆ ಬಸ್ಸಿಗೆ ಬರ್ತೀನಿ. ಅದು ತೀರಾಗಂಟ ನಾನು ಉಣ್ಣಲ್ಲ."

ಹೆತ್ತವ್ವ ಉಪವಾಸ ಕೂತರೆ ಮಗನಿಗೆ ಅನ್ನ ಇಳಿದೀತೆ? ರಾಜು ಹೆಂಡತಿಯ ಮುಖ ನೋಡಿದ.

"ಈಗ ಅರಳು ಅಂದ್ರೆ ಪಾಪ್‌ಕಾರ್ನೇ ತಾನೆ?" ಎಂದಳು ಯಮುನಾ. "ನೀವು ಎಪ್ಪತ್ತೆಂಟು ಕೇಜಿ. ಎಷ್ಟು ಸೇರು ಹುರೀಬೇಕು?"

ಪಕ್ಕದ ಮನೆಯ ಈರಕ್ಕ ಗೋಡೆಯಾಚೆಯಿಂದ ತಲೆ ತೂರಿಸಿದಳು. "ಸೇರು ಅಂದ್ರೆ ಒಂದು ಕೇಜಿ ಕಣಪ್ಪ! ನಲವತ್ತು ವರ್ಷ ರಾಗಿ ಅಳೆದಿರೋ ಕೈ ಇದು."

ಹುರಿದು ಎಪ್ಪತ್ತೆಂಟು ಸೇರು ಅರಳು ಅಳೆದದ್ದಾಯಿತು. ಅಷ್ಟೂ ಒಂದೇ ಚೀಲದಲ್ಲಿ ಕೂತಿತು. ಆಗಲಾದರೂ ಅನುಮಾನ ಬರಬೇಕಿತ್ತು. ರಾಜು ಚೀಲವನ್ನು ಒಂದೇ ಕೈಯಲ್ಲಿ ಎತ್ತಿಕೊಂಡು, ಹರಕೆ ಎಷ್ಟು ಹಗುರ ಎಂದು ಹಿಗ್ಗುತ್ತಾ ಗುಡಿಗೆ ನಡೆದ.

ಕೃಷ್ಣ ಪರಮಾತ್ಮ ಒಂದು ತುಳಸಿ ದಳಕ್ಕೆ ಮೇಲೆದ್ದನಂತೆ. ಗುಡಿಯ ತಕ್ಕಡಿಯಲ್ಲಿ ರಾಜು ಒಂದು ಚೀಲಕ್ಕೂ ಕದಲದೆ ಬೀಸುಕಲ್ಲಿನಂತೆ ನೆಲ ಕಚ್ಚಿ ಕುಳಿತ. ಅರಳಿನ ತಟ್ಟೆ ಆಕಾಶ ನೋಡುತ್ತಿತ್ತು.

ಪೂಜಾರಿ ದಾಸಣ್ಣ ಚೀಲವನ್ನು ಬೇರೆಯಾಗಿ ತೂಗಿದ. "ಎರಡು ಕೇಜಿ ಆರುನೂರು ಗ್ರಾಂ! ಇದು ನಿನ್ ಮುರಿದ ಕಾಲಿಗೂ ಸಾಲಲ್ವಲ್ಲೋ!"

"ಈರಕ್ಕಾ, ಸೇರಿಗೆ ಕೇಜಿ ಅಂದ್ಯಲ್ಲ!" ಎಂದು ರಾಜು, ಹಿಂದೆಯೇ ಬಂದಿದ್ದ ಈರಕ್ಕನತ್ತ ತಿರುಗಿದ.

"ರಾಗಿಗೆ ಅಂದೆ. ಗಾಳಿಗೆ ಅಂದ್ನಾ?"

ದಾಸಣ್ಣ ಬೆರಳು ಮಡಚಿದ. "ಮೂರು ಸೇರಿಗೆ ನೂರು ಗ್ರಾಂ ಬೀಳ್ತೈತೆ. ಅಂದ್ರೆ ಎರಡು ಸಾವಿರದ ಮುನ್ನೂರ ನಲವತ್ತು ಸೇರು ಆಗ್ಬೇಕು."

ರಾಜು ತಾಯಿಗೆ ಫೋನು ಮಾಡಿದ. "ಅವ್ವಾ, ಅರಳು ತೂಕಕ್ಕೇ ಬರ್ತಿಲ್ಲ. ವಸಿ ಕಮ್ಮಿ ಮಾಡಾಣೇನು?"

"ಒಂದು ಕಾಳು ಕಮ್ಮಿ ಆದ್ರೂ ನನ್ ಮುಖ ನೋಡಬ್ಯಾಡ!" ಎಂದು ಹನುಮಮ್ಮ ಫೋನು ಇಟ್ಟಳು.

ರಾಜು ಮಂಡಕ್ಕಿ ಭಟ್ಟಿಗೆ ಓಡಿದ. ಒಂದು ಕ್ವಿಂಟಾಲಿನಷ್ಟು ಕಾಳು ಚಟಪಟ ಸಿಡಿಯಿತು. ಸಂಜೆಗೆ, ಸಂಜೀವಿನಿ ಬೆಟ್ಟವನ್ನೇ ಕಿತ್ತು ತಂದಂತೆ, ಇನ್ನೂ ಇಪ್ಪತ್ತೊಂಬತ್ತು ಚೀಲ ಹೊತ್ತ ಟ್ರ್ಯಾಕ್ಟರು ಗುಡಿಯ ಮುಂದೆ ನಿಂತಿತು. ಒಂದೊಂದೇ ಚೀಲ ತೂಗಿ ಕೂಡಿಸಿದರು. ಎಪ್ಪತ್ತೆಂಟು ಕೇಜಿ ತುಂಬಿದಾಗ ದಾಸಣ್ಣ ಗಂಟೆ ಬಾರಿಸಿದ. ನೆರೆದ ಓಣಿಯವರೆಲ್ಲ ಬೊಗಸೆಯೊಡ್ಡಿದರು.

ಅಷ್ಟರಲ್ಲಿ ಹನುಮಮ್ಮ ಬಂದಳು. ಚೀಲಗಳ ಸಂದಿಯಲ್ಲಿ ದೇವರೇ ಕಾಣಲಿಲ್ಲ.

"ಇದೇನಲೇ ಇದು?"

"ಅರಳು ಕಣವ್ವಾ. ನನ್ ತೂಕದ್ದು."

"ಅಯ್ಯೋ ಮಂಕೇ! ಅರಳು ಅಲ್ಲ ಕಣಲೇ, ಅರಳು!"

ಎಲ್ಲರೂ ಬೊಗಸೆಯ ಅರಳನ್ನೇ ತಿರುಗಿಸಿ ನೋಡಿದರು.

"ಎಣ್ಣೆ ತೆಗೀತಾರಲ್ಲ, ಆ ಅರಳು! ದೇವರ ದೀಪಕ್ಕೆ! ಅನುಮಪ್ಪ ಈ ಪುರಿ ಹಿಂಡಿ ದೀಪ ಅಚ್ಕಂತಾನಾ?"

"ಹರಳು!" ಎಂದು ದಾಸಣ್ಣ ಹಣೆ ಚಚ್ಚಿಕೊಂಡ. "ಹನುಮಮ್ಮನ ನಾಲಿಗೆಗೆ 'ಹ' ಯಾವತ್ತು ಹತ್ತಿತ್ತೋ!"

ಹರಳು ಮಾರುವ ಗೊಲ್ಲಪ್ಪ ಅಲ್ಲೇ ಮೂಲೆಯಲ್ಲಿ ಎರಡೂ ಕೈಯಲ್ಲಿ ಅರಳು ಮುಕ್ಕುತ್ತಿದ್ದ. ರಾಜು ಅವನ ಮುಂದೆ ಕೈಮುಗಿದು ನಿಂತ. "ಅಣ್ಣಾ, ಎಪ್ಪತ್ತೆಂಟು ಕೇಜಿ ಹರಳು ಕೊಡಣ್ಣ."

"ಅಂಗಡಿ ಬಾಗಿಲು ಹಾಕ್ಕಂಡು ಬಂದೆನಪ್ಪ. ಬೀಗದ ಕೈ ಮಗನ ಹತ್ರ ಐತೆ, ಅವನು ಹಿರಿಯೂರಿಗೆ ಹೋದ. ನಾಳೆ ರಜಾ. ಸೋಮವಾರ ಬಾ."

ಹನುಮಮ್ಮ ಚೀಲಕ್ಕೊರಗಿ ಕುಳಿತುಬಿಟ್ಟಳು. "ಅಂಗಾರೆ ಸೋಮವಾರದಗಂಟ ನಂಗೆ ಅನ್ನ ಬ್ಯಾಡ."

ರಾಜುವಿನ ಕಣ್ಣು ತುಂಬಿತು. ದಾಸಣ್ಣನ ಮನಸ್ಸು ಕರಗಿತು. "ಪ್ರಸಾದ ಉಂಡ್ರೆ ಉಪವಾಸ ಮುರಿಯಲ್ಲ ತಾಯಿ. ಇದೆಲ್ಲ ಪ್ರಸಾದವೇ. ಹೊಟ್ಟೆ ತುಂಬ ತಿನ್ನಿ."

ಮುದುಕಿಯ ಮುಖ ಅರಳಿತು. ರಾಜು ನಿಟ್ಟುಸಿರು ಬಿಟ್ಟು, ಮನೆಯ ಬಿಸಿ ಮುದ್ದೆ ನೆನೆಯುತ್ತಾ ಎದ್ದ.

"ಎತ್ತ ಒಂಟೆ? ಅರಕೆ ನಿಂದೂ ಐತೆ," ಎಂದು ತಾಯಿ ಅವನ ಪಂಚೆ ಜಗ್ಗಿದಳು. "ಅಲ್ಲೀಗಂಟ ಮನೇಲಿ ಯಾರೂ ಒಲೆ ಅಚ್ಚಂಗಿಲ್ಲ."

ಯಮುನಾ ಅಳತೆಗೆಂದು ಗುಡಿಗೆ ತಂದಿದ್ದ ಸೇರು ಕೈಗೆತ್ತಿಕೊಂಡು ಚೀಲದ ಬಾಯಿ ಬಿಚ್ಚಿದಳು.

"ರಾತ್ರಿ ಊಟಕ್ಕೆ ನಿಮಗೆ ಎಷ್ಟು ಸೇರು ಅಳೀಲಿ?"