ಗುಮಾಸ್ತರ ಡಿಫರೆನ್ಷಿಯಲ್

ಕಾರು ಕೆಟ್ಟಿದ್ದನ್ನು ಗುಮಾಸ್ತರ ಹೆಂಡತಿ ಹೇಗೋ ಸಹಿಸಿಕೊಂಡಿದ್ದರು. ಆದರೆ ಅದರ ಹಿಂದಿನ ಚಕ್ರ ನಿಂತಲ್ಲೇ ಗಿರಗಿರನೆ ತಿರುಗಿ, ಆಗಷ್ಟೇ ಒಗೆದು ಹಾಕಿದ್ದ ಪರದೆಗಳಿಗೆಲ್ಲ ಕೆಸರು ಎರಚಿದಾಗ ಅವರ ತಾಳ್ಮೆಯ ಕಟ್ಟೆಯೊಡೆಯಿತು.

"ರೀ, ಭಾನುವಾರ ನಾಲ್ಕು ಗಂಟೆಗೆ ಗುಜರಿಯವನು ಬರ್ತಾನೆ. ಅಷ್ಟರೊಳಗೆ ಇದು ಯಾರೂ ತಳ್ಳದೆ ಶೆಡ್ಡಿಂದ ಆಚೆ ಬಂದ್ರೆ ಇರ್ಲಿ. ಇಲ್ದಿದ್ರೆ ಅವನ ಪಾಲು."

ಗುಮಾಸ್ತರಿಗೆ ಅದನ್ನು ಗುಜರಿಗೆ ಹಾಕುವ ಮನಸ್ಸಿರಲಿಲ್ಲ. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಆ ಕಾರಿನಲ್ಲೇ. ರೋಗ ಎಲ್ಲಿದೆಯೆಂಬುದೂ ಅವರಿಗೆ ಗೊತ್ತಿತ್ತು. ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿಯಂತೆ ಕೂತಿರುವ ಡಿಫರೆನ್ಷಿಯಲ್ಲು ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೂ ಬಲ ಕೊಡಬೇಕು. ಒಳಗಿನ ಬಿಲ್ಲೆಗಳು ಸವೆದು, ಈಗ ಒಂದೇ ಚಕ್ರ ದುಡಿದು ಸಾಯುತ್ತಿತ್ತು, ಇನ್ನೊಂದು ಹಾಯಾಗಿ ಕೂತಿರುತ್ತಿತ್ತು. ಥೇಟ್ ಅವರ ಆಫೀಸಿನ ಹಾಗೆ.

ಭಾನುವಾರ ಬೆಳಿಗ್ಗೆ ಗುಮಾಸ್ತರು ಶೆಡ್ಡಿನಲ್ಲಿ ಡಿಫರೆನ್ಷಿಯಲ್ಲಿನ ಡಬ್ಬಿ ಬಿಚ್ಚಿದರು. ಹೊಸ ಬಿಲ್ಲೆಗಳನ್ನು ಎಣ್ಣೆಯಲ್ಲಿ ನೆನೆಸಿ, ಒಂದು ಒರಟು, ಒಂದು ನುಣುಪು ಎಂದು ಪತ್ರಿಕೆಯ ಮೇಲೆ ಸಾಲಾಗಿ ಹರಡಿ, ನೀರು ಕುಡಿಯಲು ಒಳಗೆ ಹೋದರು. ವಾಪಸ್ಸು ಬರುವಷ್ಟರಲ್ಲಿ ಸಾಲು ಮಾಯವಾಗಿ ಎರಡು ಅಂದವಾದ ಗುಡ್ಡೆಗಳಾಗಿದ್ದವು. ಪಕ್ಕದಲ್ಲಿ ನೆರೆಮನೆಯ ನಿವೃತ್ತ ಲೈಬ್ರರಿಯನ್ನರು ಕೈ ಒರೆಸಿಕೊಳ್ಳುತ್ತಿದ್ದರು.

"ಎಲ್ಲಾ ಬೆರಕೆಯಾಗಿತ್ತು ಕಣ್ರೀ. ಒರಟಿನವು ಈ ಕಡೆ, ನುಣುಪಿನವು ಆ ಕಡೆ ವಿಂಗಡಿಸಿಟ್ಟಿದ್ದೀನಿ."

"ಅಯ್ಯೋ ಸಾರ್, ಅವು ಬೆರಕೆಯಾಗೇ ಇರ್ಬೇಕು! ಒಂದನ್ನೊಂದು ಉಜ್ಜಿ ಹಿಡ್ಕೊಂಡ್ರೇನೇ ಎರಡೂ ಚಕ್ರ ಜೊತೇಲಿ ತಿರುಗೋದು."

"ಹಾಗಾದ್ರೆ ಮೊದ್ಲೇ ಒಂದು ಚೀಟಿ ಅಂಟಿಸ್ಬಾರ್ದಿತ್ತೇ?"

ಗುಮಾಸ್ತರು ಹಲ್ಲು ಕಚ್ಚಿಕೊಂಡು ಮತ್ತೆ ಜೋಡಿಸಿದರು. ಕೊನೆಯಲ್ಲಿ ನೋಡಿದರೆ, ಬಿಲ್ಲೆಗಳನ್ನು ಒತ್ತಿ ಹಿಡಿಯುವ ನಡುವಿನ ಸ್ಪ್ರಿಂಗೇ ಇಲ್ಲ! ಕಾರಿನಡಿ, ಬಕೆಟ್ಟಿನಲ್ಲಿ, ಚಪ್ಪಲಿಗಳ ಸಂದಿಯಲ್ಲಿ, ಎಲ್ಲೂ ಇಲ್ಲ. ಒಂದು ಗಂಟೆ ಹುಡುಕಿದ ಮೇಲೆ ಲೈಬ್ರರಿಯನ್ನರ ಅಂಗಿ ಜೇಬಿನ ಮೇಲೆ ಎಣ್ಣೆಯ ಕಲೆ ಕಂಡಿತು.

"ಓ, ಇದಾ? ಇದು ಯಾವ ಗುಂಪಿಗೂ ಸೇರ್ಲಿಲ್ಲ. ಆಮೇಲೆ ವಿಚಾರಿಸೋಣ ಅಂತ ತೆಗೆದಿಟ್ಕೊಂಡೆ."

ಗುಮಾಸ್ತರಿಗೆ ಸಿಟ್ಟೂ ಬಂತು, ಹೋದ ಜೀವವೂ ಬಂತು.

ಮೂರೂವರೆಗೆ ಎಲ್ಲ ಮುಗಿದು, ಬಲಗಡೆಯ ಹಿಂಚಕ್ರ ಮಾತ್ರ ಇನ್ನೂ ಜಾಕಿನ ಮೇಲಿತ್ತು. ಅಷ್ಟರಲ್ಲಿ, ಹೇಳಿದ ಹೊತ್ತಿಗೂ ಮುಂಚೆ, ಗುಜರಿಯವನೂ ಬಂದು, ಲಾರಿಯನ್ನು ಹಿಮ್ಮುಖವಾಗಿ ಶೆಡ್ಡಿನ ಬಾಯಿಗೇ ತಂದು ನಿಲ್ಲಿಸಿ, ಎರಡು ಹಲಗೆ ಇಳಿಬಿಟ್ಟು ಕಾಯತೊಡಗಿದ.

"ಇಳಿಸೋಕೆ ಮೊದ್ಲು ಚಕ್ರ ಒಂದ್ಸಲ ತಿರುಗಿಸಿ ನೋಡಿ," ಎಂದರು ಲೈಬ್ರರಿಯನ್ನರು.

ಗುಮಾಸ್ತರು ಎಷ್ಟೋ ಸಲ ಹಾಗೆ ನೋಡಿದ್ದರು. ಎತ್ತಿದ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು, ಕಾರು ಕದಲುತ್ತಿರಲಿಲ್ಲ. ಅದೇ ಧೈರ್ಯದಲ್ಲಿ ಕಾರಿನೊಳಗೆ ಕೂತು, ಸ್ಟಾರ್ಟ್ ಮಾಡಿ, ಗೇರು ಹಾಕಿ ಕ್ಲಚ್ ಬಿಟ್ಟರು. ಆದರೆ ಈಗ ನೆಲದ ಮೇಲಿದ್ದ ಎಡಚಕ್ರಕ್ಕೂ ಬಲ ಸಿಕ್ಕಿತ್ತು. ಕಾರು ದಢಾರನೆ ಜಾಕಿನಿಂದ ಜಿಗಿಯಿತು. ಗಾಬರಿಯಲ್ಲಿ ಗುಮಾಸ್ತರು ಬ್ರೇಕೆಂದುಕೊಂಡು ಆಕ್ಸಿಲರೇಟರನ್ನೇ ತುಳಿದರು. ಕಾರು ಹಲಗೆಗಳನ್ನು ಲಟಲಟನೆ ಮುರಿಯುತ್ತ ಲಾರಿ ಹತ್ತಿ, ಕ್ಯಾಬಿನ್ನಿಗೆ ಮೂಗು ಒತ್ತಿ ನಿಂತಿತು.

ಹೆಂಡತಿ ಓಡಿ ಬಂದರು. "ರೀ, ಪೆಟ್ಟಾಯ್ತೇನ್ರೀ?"

"ಇಲ್ಲ ಕಣೇ. ನೋಡ್ದ್ಯಾ, ಯಾರೂ ತಳ್ಳಲಿಲ್ಲ!"

ಹೆಂಡತಿಗೆ ಅಳುವೋ ನಗುವೋ ತಿಳಿಯದ ಸಂಕಟ. "ಸದ್ಯ, ನೀವು ನೆಟ್ಟಗಿದ್ದೀರಲ್ಲ. ಕಾರೂ ಇರ್ಲಿ ಬಿಡಿ."

ಗುಮಾಸ್ತರಿಗೆ ಹತ್ತು ಮಣ ಭಾರ ಇಳಿದಂತಾಯಿತು.

"ನನ್ನ ಜನ್ಮದಲ್ಲೇ ತಾನಾಗಿ ಲಾರಿ ಹತ್ತಿದ ಗುಜರಿ ನೋಡಿಲ್ಲ ಸಾರ್," ಎಂದ ಗುಜರಿಯವನು. "ಹಲಗೆ ಮುರಿದ್ವಲ್ಲ, ನನ್ನ ಅಂಗಡೀಲಿ ಬೇರೆ ಹಲಗೆ ಇವೆ, ಅಲ್ಲಿಗೆ ಹೋಗಿ ಇಳಿಸಿಕೊಡ್ತೀನಿ ಬನ್ನಿ."

ಲಾರಿ ಗೇಟಿನ ತನಕ ಹೋಯಿತು. ಅಲ್ಲಿ ಹಸಿ ಮಣ್ಣಿನಲ್ಲಿ ಅದರ ಒಂದು ಚಕ್ರ ಗಿರಗಿರನೆ ತಿರುಗಿತು, ಇನ್ನೊಂದು ಹಾಯಾಗಿ ಕೂತಿತು. ಆರು ಸಲ ಪ್ರಯತ್ನಿಸಿದರೂ ಒಂದಿಂಚು ಕದಲಲಿಲ್ಲ. ಗುಜರಿಯವನು ಇಳಿದು, ಬಗ್ಗಿ ನೋಡಿ, ಆಮೇಲೆ ಗುಮಾಸ್ತರ ಎಣ್ಣೆಗೈಗಳನ್ನು ನೋಡಿದ.

"ಸಾರ್, ನಮ್ಮ ಲಾರೀಲೂ ಇಂಥದ್ದೇ ಡಬ್ಬಿ. ಬಿಲ್ಲೆ ನಾನು ತಂದ್ಕೊಡ್ತೀನಿ. ನೀವು ಬಿಚ್ಚೋಕೆ ಶುರು ಮಾಡಿ. ಅಲ್ಲೀವರೆಗೂ ನಿಮ್ಮ ಕಾರು ಮೇಲೇ ಭದ್ರವಾಗಿರುತ್ತೆ."

ಕಾರು ಉಳಿಯಿತಲ್ಲ ಎಂಬ ಸಮಾಧಾನದ ನಿಟ್ಟುಸಿರು ಬಿಡುತ್ತ ಗುಮಾಸ್ತರು ಸ್ಪ್ಯಾನರ್ ಹಿಡಿದು, ಆ ಕಾರನ್ನೇ ಹೊತ್ತ ಲಾರಿಯಡಿಗೆ ನುಸುಳಿದರು.