ಮಾವನ ಖಾತೆಯಲ್ಲಿರುವ ಸೂರ್ಯ

ನಮ್ಮ ಸೋದರಮಾವ ಸೂರ್ಯನನ್ನು ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡಿದ್ದಾರೆ ಎಂಬ ಅನುಮಾನ ನನಗೆ ಬಹಳ ದಿನಗಳಿಂದ ಇದೆ. ಕಗ್ಗದಾಸಪುರದಲ್ಲಿದ್ದ ಅಜ್ಜನ ಕಾಲದ ರಾಗಿ ಹೊಲ ಸೈಟಾಯಿತು, ಸೈಟು ಬಿಲ್ಡಿಂಗಾಯಿತು, ಪಕ್ಕದಲ್ಲಿ ಇನ್ನೊಂದು ಬಿಲ್ಡಿಂಗ್ ಎದ್ದು ಕಿಟಕಿಗೆ ಬರುತ್ತಿದ್ದ ಬಿಸಿಲೂ ಹೋಯಿತು. ಇನ್ನು ಉಳಿದ ಪಿತ್ರಾರ್ಜಿತ ಆಸ್ತಿ ಎಂದರೆ ನೆತ್ತಿಯ ಮೇಲಿನ ಸೂರ್ಯ ಒಬ್ಬನೇ. ಅವನನ್ನು ಯಾರು, ಯಾವಾಗ, ಹೇಗೆ ನೋಡಬೇಕು ಎಂದು ಮಾವನೇ ತೀರ್ಮಾನಿಸುತ್ತಾರೆ. ಅವರ ಅಪ್ಪಣೆಯಿಲ್ಲದೆ ತಲೆ ಎತ್ತಿದಿರೋ, ಕೆಟ್ಟಿರಿ!

ಭಾನುವಾರ ಬೆಳಿಗ್ಗೆ ಊರಿನ ಬೇರೆ ಯಜಮಾನರೆಲ್ಲ ಮಟನ್ ಅಂಗಡಿಯ ಮುಂದೆ ನಿಂತಿರುವಾಗ ಮಾವ ಸ್ಕೂಟರಿನ ಮೇಲೆ ಟೆಲಿಸ್ಕೋಪು ಹೇರಿಕೊಂಡು ಹೊರಡುತ್ತಾರೆ. ಒಂದು ವಾರ ಇಂದಿರಾನಗರದ ಪಾರ್ಕು, ಒಂದು ವಾರ ಕೆ.ಆರ್. ಪುರದ ಮಾರ್ಕೆಟ್ಟು, ಒಂದು ವಾರ ನಮ್ಮ ಮನೆಗೆ ಹತ್ತಿರದ ಹಲಸೂರು ಕೆರೆಯ ದಂಡೆ. ಯಾರು ಬೇಕಾದರೂ ಬಂದು ಬಿಟ್ಟಿಯಾಗಿ ಸೂರ್ಯನನ್ನು ನೋಡಬಹುದು. ಆದರೆ ಮೊದಲು ಮಾವನ ಶಾಸ್ತ್ರಗಳು ಮುಗಿಯಬೇಕು. ಟೆಲಿಸ್ಕೋಪಿನ ಮೂತಿಗೆ ಹಾಕುವ ಫಿಲ್ಟರಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಬಿದ್ದಿದೆಯೇ ಎಂದು ಮನೆಯ ಬಲ್ಬಿಗೆ ಹಿಡಿದು ನೋಡಿಯೇ ತಂದಿರುತ್ತಾರೆ. ಇಲ್ಲಿ ಅದನ್ನು ಹಾಕಿ, ಗಾಳಿಗೆ ಕಳಚದಂತೆ ಟೇಪು ಸುತ್ತುತ್ತಾರೆ. ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ಕೊಳವೆಗೆ ಯಾರೂ ಕಣ್ಣಿಡದಂತೆ ಮುಚ್ಚಳ. ಕೊನೆಗೆ ತಾವೇ ಮೊದಲು ಕಣ್ಣಿಟ್ಟು ಪ್ರತಿ ಸಲವೂ ಒಂದೇ ಮಾತು ಹೇಳುತ್ತಾರೆ: "ಸುಟ್ರೆ ಮೊದಲು ನಂದು ಸುಡ್ಲಿ."

ಸಾಲಿನಲ್ಲಿ ನಿಂತವರಿಗೂ ವಿಚಾರಣೆ ತಪ್ಪಿದ್ದಲ್ಲ.

"ಇವತ್ತು ಬರೀ ಕಣ್ಣಲ್ಲಿ ಸೂರ್ಯನ್ನ ನೋಡಿದ್ರಾ?"

"ಬೆಳಿಗ್ಗೆ ಸೂರ್ಯ ನಮಸ್ಕಾರ ಮಾಡ್ದೆ ಸಾರ್."

"ನಮಸ್ಕಾರ ಮಾಡಿ, ಬೇಡ ಅಂದೋರ್ಯಾರು? ಮುಖ ಯಾಕ್ರೀ ನೋಡ್ತೀರ!"

ಒಮ್ಮೆ ಗ್ರಹಣದ ಹಿಂದಿನ ದಿನ ಮಾವ ಶಿವಾಜಿನಗರದ ಫುಟ್‌ಪಾತಿನಲ್ಲಿ ಕೂಲಿಂಗ್ ಗ್ಲಾಸ್ ಮಾರುವವನ ಮೇಲೆ ಯುದ್ಧಕ್ಕೇ ಹೋದರು. "ಇದನ್ನ ಮೂರು ಒಂದರ ಮೇಲೊಂದು ಹಾಕಿದ್ರೂ ಗ್ರಹಣ ನೋಡ್ಬಾರ್ದು, ಗೊತ್ತೇನ್ರೀ? ಎಕ್ಸ್‌ರೇ ಹಾಳೇಲೂ ನೋಡ್ಬಾರ್ದು! ಗ್ರಹಣದ ಕನ್ನಡಕ ಅಂತಲೇ ಬೇರೆ ಬರುತ್ತೆ!" ಆತ ಶಾಂತವಾಗಿ ಒಂದು ಕನ್ನಡಕ ಒರೆಸುತ್ತಾ ಹೇಳಿದ: "ಅರೆ ಭಾಯ್, ಸೂರ್ಯನ್ನ ನೋಡಕ್ಕೆ ಅಂತ ಎಲ್ಲಿ ಮಾರ್ತಾ ಇದೀನಿ? ಹುಡುಗೀರು ಇವರನ್ನ ನೋಡ್ಲಿ ಅಂತ ಮಾರ್ತಾ ಇದೀನಿ!" ಮಾವ ಸೋತು ಹಿಂತಿರುಗಿದರು. ಕೈಯಲ್ಲಿ ಒಂದು ಕೂಲಿಂಗ್ ಗ್ಲಾಸ್ ಇತ್ತು!

ಇನ್ನು ಒನಕೆಯ ಕತೆ. ವರ್ಷಕ್ಕೆ ಎರಡು ದಿನ ನಮ್ಮ ಬೆಂಗಳೂರಿನಲ್ಲಿ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಂತ ಯಾವುದಕ್ಕೂ ಪಕ್ಕದಲ್ಲಿ ನೆರಳು ಬೀಳುವುದಿಲ್ಲ. ಅದನ್ನು ಜನರಿಗೆ ತೋರಿಸಲು ಮಾವ ನಮ್ಮ ಮನೆಯಲ್ಲಿದ್ದ ಅಜ್ಜಿಯ ಕಾಲದ ಒನಕೆಯನ್ನು ಒಯ್ದು, ಕೆ.ಆರ್. ಪುರದ ಮಾರ್ಕೆಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಕಾಫಿ ಕುಡಿಯಲು ಹೋದರು. ಬರುವಷ್ಟರಲ್ಲಿ ಒನಕೆಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಬುಡದಲ್ಲಿ ಊದುಬತ್ತಿ! ಮಧ್ಯಾಹ್ನ ನೆರಳು ಮಾಯವಾದಾಗ ಹೂವಿನಂಗಡಿಯ ಹೆಂಗಸು ಕೆನ್ನೆ ಕೆನ್ನೆ ಬಡಿದುಕೊಂಡರು.

"ಅಮ್ಮಾ, ಮಹಿಮೆ ಒನಕೇದಲ್ಲ, ಸೂರ್ಯಂದು!"

"ಯಾರದ್ದಾದ್ರೂ ಇರ್ಲಿ ಬಿಡಿ ಸ್ವಾಮಿ, ಪ್ರಸಾದ ಎಲ್ಲಿ?"

ಮಾವ ವಿಧಿಯಿಲ್ಲದೆ ಬಾಳೆಹಣ್ಣು ತಂದು ಹಂಚಿದರು.

ಊರಿಗೆಲ್ಲ ಸೂರ್ಯನನ್ನು ತೋರಿಸಿದ ಮಾವನಿಗೆ ಒಬ್ಬರಿಗೆ ಮಾತ್ರ ತೋರಿಸಲು ಆಗಿರಲಿಲ್ಲ. ಅವರು ನನ್ನ ಅಮ್ಮ, ಮಾವನ ಅಕ್ಕ. ಪ್ರತಿ ಶನಿವಾರ ಮಾವ ಫೋನು ಮಾಡುತ್ತಾರೆ. "ನಾಳೆ ಒಂದ್ಸಲ ಬಾ ಅಕ್ಕ." ಅಮ್ಮನದು ಒಂದೇ ಉತ್ತರ: "ನಾನು ನೋಡಿದ್ದು ಸಾಕು ಕಣೋ." ಒನಕೆ ಒಯ್ದ ದಿನ ಕೂಡ "ಒನಕೆ ಬೇಕಾದ್ರೆ ತಗೊಂಡ್ಹೋಗು, ನನ್ನ ಕರೀಬೇಡ" ಎಂದಿದ್ದರು.

ಅಮ್ಮ ನೋಡಿದ್ದು ಚಿಕ್ಕಂದಿನಲ್ಲಿ. ಗ್ರಹಣ ಹಿಡಿದಾಗ ಅಜ್ಜಿ ಇದೇ ಒನಕೆಯನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ ಮನೆಯೊಳಗೆ ಕುಳಿತಿದ್ದರಂತೆ. ಹಿತ್ತಲಿನಲ್ಲಿ ಬೋಗುಣಿ ತುಂಬ ಸಗಣಿ ನೀರು. ನೇರವಾಗಿ ನೋಡಬಾರದು, ಸಗಣಿ ನೀರಿನಲ್ಲಿ ಬಿದ್ದ ಸೂರ್ಯನನ್ನು ನೋಡಿದರೆ ಏನೂ ಆಗುವುದಿಲ್ಲ ಎಂಬುದು ಊರಿನವರ ನಂಬಿಕೆ. ಮಾವ ಅಕ್ಕನ ಜೊತೆ ಪಂದ್ಯ ಕಟ್ಟಿದರು: ಒಂದು ಕಣ್ಣು ಮುಚ್ಚಿ ನೋಡಬೇಕು, ಮೊದಲು ತಲೆ ಎತ್ತಿದವರು ಸೋತ ಹಾಗೆ. ಮಾವ ಕಳ್ಳಾಟ ಆಡಿ ಬೋಗುಣಿಯ ಅಂಚು ನೋಡುತ್ತಿದ್ದರು. ಅಮ್ಮನಿಗೆ ಸೋತು ಅಭ್ಯಾಸವಿಲ್ಲ. ಗೆದ್ದರು. ಸಂಜೆಯ ಹೊತ್ತಿಗೆ ಬಲಗಣ್ಣಿನ ನಡುವೆ ಒಂದು ಕಪ್ಪು ಚುಕ್ಕಿ ಬಂದು ಕೂತಿತು. ಅದು ಇವತ್ತಿಗೂ ಎದ್ದು ಹೋಗಿಲ್ಲ. "ಬಲಗಣ್ಣಲ್ಲಿ ನೋಡಿದ್ರೆ ನಿಮ್ಮಪ್ಪಂಗೆ ಮುಖಾನೇ ಇಲ್ಲ, ಬರೀ ಕಿವಿ!" ಎಂದು ಅಮ್ಮ ತಮಾಷೆ ಮಾಡಿದಾಗ ಮನೆಮಂದಿಯೆಲ್ಲ ನಗುತ್ತೇವೆ. ಮಾವ ಒಮ್ಮೆಯೂ ನಕ್ಕಿದ್ದನ್ನು ನಾನು ನೋಡಿಲ್ಲ.

ಮೊನ್ನೆ ಒಂದು ಭಾನುವಾರ ಮಾವ ಕೆರೆಯ ದಂಡೆಯಲ್ಲಿದ್ದರು. ಜನರನ್ನು ಸಾಲಿನಲ್ಲಿ ನಿಲ್ಲಿಸುವ ಕೆಲಸ ನನ್ನದು. ಮಾವ ತಿಂಡಿ ತಿಂದಿರುವುದಿಲ್ಲ ಎಂದು ಗೊತ್ತಿದ್ದ ಅಮ್ಮ ಉಪ್ಪಿಟ್ಟಿನ ಡಬ್ಬಿ ಹಿಡಿದು ಬಂದರು. ಕೊಟ್ಟು ಹೊರಡಬೇಕೆಂದೇ ಬಂದವರು. ಅಷ್ಟರಲ್ಲಿ ಮಾವ ಟೇಪು ಸುತ್ತಿ ಮುಗಿಸಿ, ಕಣ್ಣಿಟ್ಟು, ಯಾವಾಗಿನಂತೆ ಹೇಳಿದರು: "ಸುಟ್ರೆ ಮೊದಲು ನಂದು ಸುಡ್ಲಿ."

ಅಮ್ಮ ಆ ಮಾತನ್ನು ಕೇಳಿದ್ದು ಅದೇ ಮೊದಲು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಸಾಲಿನ ಕೊನೆಯಲ್ಲಿ ಹೋಗಿ ನಿಂತುಬಿಟ್ಟರು.

ಅವರ ಸರದಿ ಬಂದಾಗ ಮಾವ ಟೇಪನ್ನು ಮತ್ತೆ ಒತ್ತಿದರು, ಮತ್ತೆ ತಾವೇ ನೋಡಿದರು, ಆಮೇಲೆ ಮೆಲ್ಲಗೆ ಹೇಳಿದರು. "ಎಡಗಣ್ಣಲ್ಲಿ ನೋಡಕ್ಕ."

ಅಮ್ಮ ಬಗ್ಗಿ ನೋಡಿದರು. "ಅಯ್ಯೋ, ಇಷ್ಟು ತಣ್ಣಗಿದ್ದಾನೇನೋ! ಒಳ್ಳೆ ಹುಣ್ಣಿಮೆ ಚಂದ್ರನ ಥರ." ಮತ್ತೆ ಸ್ವಲ್ಪ ತಡೆದು, "ಲೋ, ಇವನ ನಡುವೆ ಒಂದು ಕಪ್ಪು ಚುಕ್ಕಿ ಇದೆಯಲ್ಲೋ" ಎಂದರು.

"ಅದು ಸೂರ್ಯನ ಮೇಲಿರೋ ಕಲೆ ಅಕ್ಕ. ಎಲ್ಲರಿಗೂ ಕಾಣುತ್ತೆ."

"ಎಲ್ಲರಿಗೂನಾ? ನಂಗೊಬ್ಬಳಿಗೇ ಅಂದ್ಕೊಂಡೆ."

ಅಮ್ಮ ತಲೆ ಎತ್ತಿ, ತಮ್ಮನ ಮುಖವನ್ನು ಎರಡೂ ಕಣ್ಣಿನಿಂದ ನೋಡಿದರು. "ಚುಕ್ಕಿ ಇಟ್ಕೊಂಡೂ ಅವನು ಎಷ್ಟು ಚೆನ್ನಾಗಿ ಬದುಕ್ತಿದ್ದಾನೆ. ನಾನೂ ಚೆನ್ನಾಗೇ ಇದೀನಿ. ನೀನ್ಯಾಕೋ ಇಷ್ಟು ವರ್ಷದಿಂದ ಒದ್ದಾಡ್ತಿದೀಯ? ಬಾ, ಉಪ್ಪಿಟ್ಟು ಆರಿಹೋಗುತ್ತೆ."

ಟೆಲಿಸ್ಕೋಪನ್ನು ಒಂದು ಗಳಿಗೆಯೂ ಯಾರ ಕೈಗೂ ಬಿಡದ ಮಾವ ಅಂದು ಅದನ್ನು ನನಗೆ ಬಿಟ್ಟು, ಕಟ್ಟೆಯ ಮೇಲೆ ಅಕ್ಕನ ಪಕ್ಕ ಕೂತು ಉಪ್ಪಿಟ್ಟು ತಿಂದರು. ಕಣ್ಣೀರು ಸುರಿಯುತ್ತಿತ್ತು, ಶಿವಾಜಿನಗರದ ಆ ಕೂಲಿಂಗ್ ಗ್ಲಾಸನ್ನು ಜೇಬಿನಿಂದ ತೆಗೆದು ಹಾಕಿಕೊಂಡರು. ಸಾಲಿಗೆ ಹೊಸಬರು ಬಂದು ನಿಂತಿದ್ದರು. ಅವರನ್ನು ಕರೆಯುವ ಮೊದಲು ಟೇಪು ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ, ನನ್ನ ಕಣ್ಣನ್ನೇ ಮೊದಲು ಇಟ್ಟೆ.