ದಿಂಬಿಗೆ ಹೊಡೆದ ಭಾವ

ಕುವೈತಿನಲ್ಲಿರುವ ಒಟ್ಟು ಹೆದರಿಕೆಯಲ್ಲಿ ಅರ್ಧ ಪಾಲು ನಮ್ಮ ಭಾವನ ಹತ್ತಿರವೇ ಇದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಉಳಿದರ್ಧವನ್ನು ನಾವೆಲ್ಲ ಹಂಚಿಕೊಂಡಿದ್ದೇವೆ. ಭಾವ ಎಂದರೆ ಅಕ್ಕನ ಗಂಡ, ಒಂದು ಕಂಪನಿಯ ಸ್ಟೋರ್ ಕೀಪರ್. ಅದೇ ಕಂಪನಿಯ ಆಫೀಸಿನಲ್ಲಿ ನಾನು ಕ್ಲರ್ಕ್. ಮಂಗಫ್‌ನ ಫ್ಲ್ಯಾಟಿನಲ್ಲಿ ಅವರ ಜೊತೆಗೇ ಇದ್ದೇನೆ. ಹಾಗಾಗಿ ಇದೆಲ್ಲ ಕಣ್ಣಾರೆ ಕಂಡದ್ದು.

ನಾಲ್ಕನೇ ಮಹಡಿಗೆ ಲಿಫ್ಟ್ ಹತ್ತುವಾಗ ಭಾವನ ಚೀಲದಲ್ಲಿ ನೀರಿನ ಬಾಟಲಿ, ಬಿಸ್ಕೆಟ್ ಪೊಟ್ಟಣ ಮತ್ತು ಒಂದು ಸೀಟಿ ಇರುತ್ತವೆ. ನಡುವೆ ನಿಂತುಬಿಟ್ಟರೆ? ಕಸ ಹಾಕಲು ಕೆಳಗಿಳಿದರೂ ಜೇಬಿನಲ್ಲಿ ಇಕಾಮಾದ, ಅಂದರೆ ಇಲ್ಲಿ ಇರಲು ಕೊಟ್ಟ ಪರವಾನಗಿಯ, ಮೂರು ಜೆರಾಕ್ಸ್. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡೇ ಹಲೋ ಅನ್ನುವುದು! ಇನ್ನು ಮನೆಯಿಂದ ಹೊರಡುವಾಗ ಗ್ಯಾಸ್ ಬಂದ್ ಆಗಿದೆಯೇ ಎಂದು ನನ್ನನ್ನು ಮೂರು ಸಲ ಕೇಳುತ್ತಾರೆ.

"ಎರಡು ಸಲ ನೋಡಿದ್ದೇನೆ ಭಾವ."

"ಮೂರನೇದು ನನಗೋಸ್ಕರ ನೋಡು ಮಾರಾಯ್ತಿ."

ನಾನು ನೋಡಿದೆನೆಂದು ಸುಳ್ಳು ಹೇಳಿ ಚಪ್ಪಲಿ ಮೆಟ್ಟುತ್ತಿದ್ದೆ.

ಇಂಥವರ ಬಲಗೈ ಒಂದಕ್ಕೆ ಮಾತ್ರ ಹೆದರಿಕೆಯೇ ಗೊತ್ತಿಲ್ಲ. ಊರಿನಲ್ಲಿ ಭಾವ ಅಂಡರ್‌ಆರ್ಮ್ ಕ್ರಿಕೆಟ್ ಆಡಿದವರು. ಕೈಯನ್ನು ಸೊಂಟದ ಕೆಳಗಿನಿಂದ ಬೀಸಿ ಚೆಂಡು ಎಸೆಯುವ, ನಮ್ಮ ಕರಾವಳಿಯ ಆಟ ಅದು. ಒಂದು ದಿನ ಸ್ಟೋರಿನ ಬಾಗಿಲಲ್ಲಿ ನಿಂತು ಬೀಗದ ಕೈ ಕೇಳಿದ ಮ್ಯಾನೇಜರ್ ಹತ್ತಿರ ಹೋಗಲು ಹೆದರಿ, ಭಾವ ಅದನ್ನು ಕೌಂಟರಿನಿಂದಲೇ ಎಸೆದರು. ಅದು ಹೋಗಿ ಸೀದಾ ಮ್ಯಾನೇಜರ್ ಅಂಗಿಯ ಜೇಬಿನಲ್ಲಿ ಬಿತ್ತು. ಫಿಲಿಪಿನೊ ಮ್ಯಾನೇಜರ್‌ಗೆ ಸಾಫ್ಟ್‌ಬಾಲ್ ಹುಚ್ಚು. ಬೇಸ್‌ಬಾಲಿನ ತಮ್ಮನಂಥ ಆ ಆಟದಲ್ಲಿ ಚೆಂಡನ್ನು ಎಸೆಯುವುದು ಕೆಳಗಿನಿಂದಲೇ. "ಭಾಯಿ, ಯಲ್ಲಾ, ಶುಕ್ರವಾರ ಗ್ರೌಂಡಿಗೆ ಬಾ" ಎಂದರು. ಬರುವುದಿಲ್ಲ ಎನ್ನಲು ಹೆದರಿ ಭಾವ ತಂಡಕ್ಕೆ ಸೇರಿದರು.

ಅಷ್ಟರಲ್ಲಿ ನಿಜವಾದ ಹೆದರಿಕೆ ಬಂತು. ಕಂಪನಿಯ ಪ್ರಾಜೆಕ್ಟ್ ಮುಗಿಯುತ್ತಿತ್ತು. ಕೆಲಸದಿಂದ ತೆಗೆಯುವವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ ಎಂದು ಆಫೀಸಿನಲ್ಲಿ ಗುಸುಗುಸು. ಕೆಲಸ ಹೋದರೆ ಇಕಾಮಾ ಹೋಯಿತು, ಇಕಾಮಾ ಹೋದರೆ ವಿಮಾನ ಹತ್ತುವುದೇ. ಊರಿನಲ್ಲಿ ನನಗೆ ಯಾವ ಕೆಲಸವೂ ಕಾದಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಯಾರಾದರೂ ನನ್ನ ಹೆಸರು ಕರೆದರೆ ನಾನೂ ಎದ್ದು ನಿಲ್ಲುತ್ತಿದ್ದೆ. ಭಾವನನ್ನು ನೋಡಿ ನಗುತ್ತಿದ್ದ ನಾನು ಅವರಿಗಿಂತ ದೊಡ್ಡ ಪುಕ್ಕಲಿಯಾಗಿದ್ದೆ.

ಗುರುವಾರ ಭಾವ, ಅದೇ ಭಾವ, ತಾವಾಗಿಯೇ ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗಿ ನನ್ನ ವಿಷಯ ಎತ್ತಿದರಂತೆ. ಮ್ಯಾನೇಜರ್ ನಗುತ್ತಾ, "ನಾಳೆ ಮ್ಯಾಚ್ ಗೆಲ್ಲಿಸು ಭಾಯಿ, ಆಮೇಲೆ ನೋಡೋಣ" ಎಂದರಂತೆ. ಭಾವ ಅದನ್ನು ದೇವರ ಅಪ್ಪಣೆಯಂತೆ ಹೊತ್ತು ತಂದರು.

ಶುಕ್ರವಾರ ಬೆಳಿಗ್ಗೆ ಅಬು ಹಲೀಫಾದ ಮರಳು ಮೈದಾನದಲ್ಲಿ ಅಕ್ಕನೂ ನಾನೂ ಒಂದೇ ಕೊಡೆಯ ಕೆಳಗೆ ಕುಳಿತಿದ್ದೆವು. ಏಳು ಸರದಿಯ ಆಟ, ಸರದಿಗೆ ಮೂರು ಔಟ್. ಸರದಿಯಂತೆ ಮತ್ತೆ ಮತ್ತೆ ಬ್ಯಾಟ್ ಹಿಡಿದು ಬರುವ ಒಟ್ಟು ಇಪ್ಪತ್ತೊಂದು ಮಂದಿಯಲ್ಲಿ ಒಬ್ಬನೂ ಮೊದಲ ದಿಂಬನ್ನು ಮುಟ್ಟದ ಹಾಗೆ ಎಸೆದರೆ ಅದು ಪರಿಪೂರ್ಣ ಆಟವಂತೆ. ದಿಂಬು ಎಂದರೆ ನೆಲಕ್ಕೆ ಬಡಿದ, ದಿಂಬಿನಂಥ ಬಿಳಿ ಚೌಕ, ಓಡುವವನು ಮುಟ್ಟಬೇಕಾದ ಜಾಗ. ಭಾವ ನಡುಗುತ್ತಾ ಎಸೆದರು, ಒಬ್ಬ ಔಟ್. ಬೆವರು ಒರೆಸಿ ಎಸೆದರು, ಇನ್ನೊಬ್ಬ ಔಟ್. ಹತ್ತಾಯಿತು, ಹದಿನೈದಾಯಿತು. ಆದರೆ ನಮ್ಮವರೂ ಒಂದು ರನ್ ಹೊಡೆಯಬೇಡವೇ? ಅವರದೂ ಸೊನ್ನೆ, ನಮ್ಮದೂ ಸೊನ್ನೆ.

"ಇನ್ನೆಷ್ಟು ಮಂದಿ ಅಕ್ಕ?"

"ಲೆಕ್ಕ ಮಾಡ್ಬೇಡ. ನೀನು ಲೆಕ್ಕ ಮಾಡಿದ್ರೆ ಅವರಿಗೆ ಗೊತ್ತಾಗ್ತದೆ."

ಆರನೇ ಸರದಿ ಮುಗಿದಾಗ ಭಾವ ನನ್ನ ಹತ್ತಿರ ಓಡಿ ಬಂದರು. ಮುಖ ಬಿಳಿಚಿಕೊಂಡಿತ್ತು. ನೀರು ಬೇಕೇನೋ ಎಂದುಕೊಂಡೆ.

"ಗ್ಯಾಸ್ ಬಂದ್ ಮಾಡಿದ್ದಿ ಅಲ್ವಾ?"

"ಮೂರು ಸಲ ನೋಡಿದ್ದೇನೆ ಭಾವ." ಸುಳ್ಳು.

ಕೊನೆಯ ಸರದಿಯಲ್ಲೂ ನಮ್ಮವರು ಮೊದಲು ಆಡಿ ಸೊನ್ನೆಗೇ ಮುಗಿಸಿದರು. ಎದುರಾಳಿಗಳಲ್ಲಿ ಇಬ್ಬರು ಔಟ್. ಉಳಿದವನು ಒಬ್ಬನೇ. ನಾನು ಅಕ್ಕನ ಸೆರಗನ್ನು ಹಿಡಿದುಕೊಂಡೆ. ಆ ಇಪ್ಪತ್ತೊಂದನೆಯವನ ಬ್ಯಾಟಿಗೆ ತಾಗಿದ ಚೆಂಡು ಮೆಲ್ಲಗೆ ಉರುಳುತ್ತಾ ಭಾವನ ಕೈಗೇ ಬಂತು. ಮೊದಲ ದಿಂಬಿನ ಮೇಲೆ ಕಾಲಿಟ್ಟು ನಮ್ಮ ತಂಡದವನು ಕೈ ಚಾಚಿ ನಿಂತಿದ್ದ. ಅವನ ಕೈಗೆ ಕೊಟ್ಟರೆ ಸಾಕು, ಔಟ್! ಆದರೆ ಇಪ್ಪತ್ತು ವರ್ಷ ಸ್ಟಂಪಿಗೆ ಹೊಡೆದ ಕೈ ಅದು, ಮನುಷ್ಯನನ್ನು ನೋಡೀತೇ? ಬೀಸಿ ದಿಂಬಿಗೇ ಹೊಡೆದರು. ಗುರಿ ಒಂದಿಷ್ಟೂ ತಪ್ಪಲಿಲ್ಲ. ಚೆಂಡು ದಿಂಬಿನ ಅಂಚಿಗೆ ಬಡಿದು, ಚಿಮ್ಮಿ, ದೂರ ನಿಲ್ಲಿಸಿದ್ದ ಕಂಪನಿ ಬಸ್ಸಿನ ಅಡಿಗೆ ಹೋಯಿತು. ಭಾವ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದಾಗ ಆ ಮನುಷ್ಯ ನಾಲ್ಕೂ ದಿಂಬು ಸುತ್ತಿ ಬಂದ. ಒಂದು ರನ್. ಆಟ ಖಲಾಸ್.

"ತಾಗಿತಲ್ಲ? ನೀವೇ ನೋಡಿದ್ರಲ್ಲ, ತಾಗಿತಲ್ಲ?" ಎಂದು ಭಾವ ಅಂಪೈರನ್ನು ಕನ್ನಡದಲ್ಲೇ ಕೇಳುತ್ತಿದ್ದರು. ಆಮೇಲೆ ಅವರು ನನ್ನ ಕಡೆ ತಿರುಗಲೇ ಇಲ್ಲ. ಶನಿವಾರವಿಡೀ ಕೋಣೆಯಿಂದ ಹೊರಗೆ ಬರಲಿಲ್ಲ, ಗ್ಯಾಸಿನ ಬಗ್ಗೆ ಕೇಳಲಿಲ್ಲ. ಅದನ್ನು ಕಂಡು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಭಾನುವಾರ ಮ್ಯಾನೇಜರ್ ನನ್ನನ್ನು ಕರೆಸಿದರು.

"ಪಟ್ಟಿ ಬುಧವಾರವೇ ಹೋಗಿದೆ. ಅದರಲ್ಲಿ ನಿನ್ನ ಹೆಸರಿಲ್ಲ" ಎಂದರು.

"ಮತ್ತೆ ಭಾವನಿಗೆ ಗುರುವಾರವೇ ಯಾಕೆ ಹೇಳಲಿಲ್ಲ ಸರ್?"

"ಹೇಳಿದ್ದರೆ ಭಾಯಿ ಹಾಗೆ ಎಸೆಯುತ್ತಿದ್ದರೇ?"

ನಗಬೇಕೋ, ಜಗಳವಾಡಬೇಕೋ? ಅಷ್ಟರಲ್ಲಿ ಅವರು ಮಡಚಿದ ಒಂದು ಕಾಗದ ಕೊಟ್ಟರು. ಬೆಳಿಗ್ಗೆ ಕ್ಯಾಬಿನ್ನಿನ ಬಾಗಿಲಡಿ ಸಿಕ್ಕಿತಂತೆ. "ಇದನ್ನು ಹರಿದು ಹಾಕು" ಎಂದರು. ಭಾವನ ಅಕ್ಷರ, ಸ್ಟೋರಿನ ಇಂಗ್ಲಿಷ್:

"ಸರ್, ತಪ್ಪು ನನ್ನದು. ನಾನು ದಿಂಬಿಗೆ ಹೊಡೆದೆ. ದಯವಿಟ್ಟು ಪಟ್ಟಿಯಿಂದ ಹುಡುಗಿಯ ಹೆಸರು ತೆಗೆದು ನನ್ನ ಹೆಸರು ಹಾಕಿ. ನನ್ನ ಹೆಂಡತಿಗೆ ಈಗಲೇ ಹೇಳಬೇಡಿ. ನನಗೆ ಹೆದರಿಕೆ."

ಸ್ಟೋರಿಗೆ ಹೋಗಿ, ನನ್ನ ಹೆಸರು ಪಟ್ಟಿಯಲ್ಲಿಲ್ಲ ಎಂದಷ್ಟೇ ಹೇಳಿದೆ. ಭಾವ ಕುರ್ಚಿಯಲ್ಲಿ ಕುಸಿದರು. ಆಮೇಲೆ ತಲೆಯೆತ್ತಿ, "ಪಟ್ಟಿ ಮೂರು ಸಲ ನೋಡಿದ್ದಾರಂತಾ?" ಎಂದರು.

ಕಾಗದವನ್ನು ನಾನು ಹರಿಯಲಿಲ್ಲ. ನನ್ನ ಪಾಸ್‌ಪೋರ್ಟಿನ ಜೊತೆ ಇಟ್ಟಿದ್ದೇನೆ. ಅದು ನನ್ನಲ್ಲಿರುವುದು ಭಾವನಿಗೆ ಗೊತ್ತಿಲ್ಲ. ಅಕ್ಕನಿಗೂ ಹೇಳಿಲ್ಲ, ಭಾವನಿಗೆ ಹೆದರಿಕೆಯಲ್ಲವೇ? ಈಗಲೂ ಮನೆಯಿಂದ ಹೊರಡುವಾಗ ಅವರು ಗ್ಯಾಸ್ ಬಂದ್ ಆಗಿದೆಯಾ ಎಂದು ಮೂರನೇ ಸಲ ಕೇಳುತ್ತಾರೆ. ನಾನು ಮೆಟ್ಟಿದ ಚಪ್ಪಲಿಯನ್ನು ಬಿಚ್ಚಿಟ್ಟು ಒಳಗೆ ಹೋಗಿ, ನೋಡಿ ಬರುತ್ತೇನೆ.